ನೀಲಿ ಲಂಗ, ಬೂದು ಲಂಗ

ಮೇ ೨೮, ಮಂಗಳವಾರ

ಆ ಒಂದು "ಹ್ಞೂಂ" ಅನ್ನಬಾರದಿತ್ತು.

ಮಕ್ಕಳನ್ನು ನಮ್ಮ ಬೀದಿಯ ಸರ್ಕಾರಿ ಶಾಲೆಗೇ ಒಟ್ಟಿಗೆ ಸೇರಿಸೋಣ ಎಂದು ಐದು ತಾಯಂದಿರು ಮಾತು ಕೊಟ್ಟುಕೊಂಡಿದ್ದೆವು. ಅಲ್ಲಿನ ಸಮವಸ್ತ್ರದ ನೀಲಿ ಲಂಗ ಹೊಲಿಯುವುದು ನನ್ನ ಪಾಲು. ಈ ವಾರ ಮೂವರು ಒಬ್ಬೊಬ್ಬರಾಗಿ ಕಳ್ಳಬೆಕ್ಕಿನಂತೆ ಅಂಗಡಿಗೆ ಬಂದು, ಖಾಸಗಿ ಶಾಲೆಯ ಬೂದು ಬಟ್ಟೆ ಕೊಟ್ಟುಹೋದರು. "ಅಕ್ಕಾ, ಯಾರಿಗೂ ಹೇಳ್ಬೇಡಿ."

ಇವತ್ತು ಐದನೆಯವಳು, ಬೀದಿಯವರ ಬಟ್ಟೆಗೆಲ್ಲ ಇಸ್ತ್ರಿ ಹಾಕುವವಳು, ಬಂದಳು. "ಎಲ್ರದ್ದೂ ನೀಲೀನೇ ಅಲ್ವಾ ಅಕ್ಕಾ? ಗೆಳತೀರ ಜೊತೆ ಹೋಗ್ತೀನಿ ಅಂತ ನನ್ ಮಗಳು ಕುಣೀತಿದಾಳೆ."

ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡಿದ್ದೆ, ಅದೇ ನೆಪವಾಯಿತು. "ಹ್ಞೂಂ" ಅಂದೆ. ಮಿಷಿನ್ ಮೇಲಿದ್ದ ಬೂದು ಲಂಗವನ್ನು ಮೆಲ್ಲಗೆ ಮಡಿಲಿಗೆ ಎಳೆದುಕೊಂಡೆ. ಅದು ನನ್ನ ಮಗಳದ್ದು.

ಮುಚ್ಚಿಟ್ಟು ಏನು ಬಂತು? ಶಾಲೆ ಶುರುವಾದ ವಾರವೇ ನಾಲ್ಕೂ ಬೂದು ಲಂಗಗಳು ಇಸ್ತ್ರಿಗೆ ಅವಳ ಕೈಗೇ ಹೋಗಬೇಕು.