ಇಬ್ಬರಿಗೂ ಸೇರಿ ಒಂದೇ ಕರೆಯೋಲೆ

ಅದೇ ಹಳೆಯ ಮನೆ, ಮಹಡಿಯ ಕೋಣೆ
ಗುರುವಾರ ಮಧ್ಯಾಹ್ನ

ಪ್ರೀತಿಯ ಕಣ್ಣು,

ಈಗ ನಿನ್ನನ್ನು ಹೀಗೆ ಕರೆಯುವವರು ಯಾರೂ ಇರಲಿಕ್ಕಿಲ್ಲ. ಬಂದರಿನ ಬೀಜ ಪರೀಕ್ಷೆಯ ಕೇಂದ್ರಕ್ಕೇ ಮುಖ್ಯಸ್ಥನಾಗಿ ಕೂತವನನ್ನು ಕಣ್ಣು, ಮೂಗು ಅಂತ ಕರೆಯುವ ಧೈರ್ಯ ಯಾರಿಗಿದ್ದೀತು? ನನಗಿದೆ. ಕಾಲೇಜಿನ ಸಸ್ಯಶಾಸ್ತ್ರದ ಪ್ರಯೋಗಾಲಯದಲ್ಲಿ ಇಬ್ಬರಿಗೆ ಒಂದೇ ಮೈಕ್ರೋಸ್ಕೋಪು. ನೀನು ಕಣ್ಣಿಟ್ಟು ನೋಡಿ ಹೇಳುತ್ತಿದ್ದೆ, ನಾನು ತಲೆ ಎತ್ತದೆ ಚಿತ್ರ ಬಿಡಿಸುತ್ತಿದ್ದೆ. ಹಾಗಾಗಿ ನೀನು ಕಣ್ಣು, ನಾನು ಕೈ. ಹಾಜರಿ ತೆಗೆದುಕೊಳ್ಳುವಾಗ ಮೇಡಂ ಕೂಡ ಒಂದೊಂದು ದಿನ ನಮ್ಮಿಬ್ಬರನ್ನು ಒಂದೇ ಉಸಿರಿಗೆ ಕರೆದುಬಿಡುತ್ತಿದ್ದರು.

ನಿನ್ನ ಕಾಗದ ಬಂದು ತಿಂಗಳಾಯಿತು. ಇಷ್ಟು ವರ್ಷದ ಮೇಲೆ ಅರ್ಧ ಪುಟ! ಅದರಲ್ಲೂ ಒಂದಿಷ್ಟು, ಸಮುದ್ರದ ಗಾಳಿಗೆ ನಿನ್ನ ಕಿಟಕಿಯ ಕೊಂಡಿ ತುಕ್ಕು ಹಿಡಿದ ವಿಷಯ. ಉಳಿದದ್ದರಲ್ಲಿ, ನಮ್ಮವರೆಲ್ಲ ಹೇಗಿದ್ದಾರೆ, ಯಾರ ಮದುವೆಯಾಯಿತು, ಯಾರು ಏನು ಕೆಲಸದಲ್ಲಿದ್ದಾರೆ, ಎಲ್ಲ ಬರಿ ಎಂದಿದ್ದೀಯ. ಆ ‘ಎಲ್ಲ’ದೊಳಗೆ ನಾನು ಇದ್ದೇನೋ ಇಲ್ಲವೋ ತಿಳಿಯದೆ ಕಾಗದವನ್ನು ಹಿಂದೆ ಮುಂದೆ ತಿರುಗಿಸಿ ನೋಡಿದೆ. ಕೊನೆಯಲ್ಲಿ ಕಚೇರಿಯ ಸಹಿ ಹಾಕಿ, ಅದನ್ನು ಹೊಡೆದು, ಪಕ್ಕದಲ್ಲಿ ‘ಕಣ್ಣು’ ಎಂದು ಬರೆದಿದ್ದೆಯಲ್ಲ, ಅದೊಂದೇ ಧೈರ್ಯದ ಮೇಲೆ ಇಷ್ಟುದ್ದ ಬರೆಯಲು ಕೂತಿದ್ದೇನೆ.

ಮೊದಲು ನೀನು ಕೇಳಿದ ಸುದ್ದಿ. ಹೋದ ಭಾನುವಾರವಷ್ಟೇ ಕಾಲೇಜಿನ ಊರಿಗೆ ಹೋಗಿ ಬಂದೆ, ಆದ್ದರಿಂದ ಎಲ್ಲ ಬಿಸಿಬಿಸಿಯಾಗಿದೆ. ತೂಕಡಿಕೆ ನೆನಪಿದ್ದಾನಲ್ಲ, ಮೊದಲ ಪೀರಿಯಡ್ಡಿಗೇ ಡೆಸ್ಕಿನ ಮೇಲೆ ತಲೆಯಿಟ್ಟು ಗೊರಕೆ ಹೊಡೆಯುತ್ತಿದ್ದವನು? ಅವನೀಗ ರೇಡಿಯೋದಲ್ಲಿದ್ದಾನೆ. ಬೆಳಗಾಯಿತು ಏಳಿ ಎಂದು ಊರನ್ನೆಲ್ಲ ಎಬ್ಬಿಸುವುದೇ ಅವನ ಕೆಲಸ. ಹೆಂಡತಿ ನರ್ಸು, ರಾತ್ರಿ ಪಾಳಿ. ಅವಳು ಮನೆಗೆ ಬರುವ ಹೊತ್ತಿಗೆ ಇವನು ಹೊರಟಿರುತ್ತಾನೆ, ನಮ್ಮದು ಬಾಗಿಲಲ್ಲೇ ಸಂಸಾರ ಎಂದು ಹಲ್ಲು ಕಿರಿಯುತ್ತಾನೆ. ದೊಡ್ಡಣ್ಣ ಆ ಊರಿನ ಉದ್ಯಾನಗಳ ಮೇಲ್ವಿಚಾರಕ. ನಮಗಿಂತ ನಾಲ್ಕು ವರ್ಷ ದೊಡ್ಡವನೆಂದು ಆಗ ಎಲ್ಲರ ಮೇಲೂ ಅಧಿಕಾರ ಚಲಾಯಿಸುತ್ತಿದ್ದನಲ್ಲ, ಈಗ ಗಿಡಗಳ ಮೇಲೆ ಚಲಾಯಿಸುತ್ತಾನೆ. ಅವಳಿ ಹೆಣ್ಣುಮಕ್ಕಳ ಮುಂದೆ ಮಾತ್ರ ಅವನ ಆಟ ಏನೂ ನಡೆಯುವುದಿಲ್ಲ.

ಗಡಿಬಿಡಿಯದೇ ದೊಡ್ಡ ಸುದ್ದಿ. ಪ್ರಯೋಗಾಲಯದ ಅರ್ಧ ಗಾಜು ಒಡೆದುಹಾಕಿದವಳು ಈಗ ಕನ್ನಡಕದ ಅಂಗಡಿ ಇಟ್ಟಿದ್ದಾಳೆ ಅಂದರೆ ನಂಬುತ್ತೀಯಾ? ಭಾನುವಾರ ಆಗಿದ್ದು ಅವಳದೇ ಮದುವೆ. ವರ ಬಸ್ ಡ್ರೈವರ್. ಕನ್ನಡಕದ ಕಡ್ಡಿ ಸಡಿಲವಾಗಿದೆ ಎಂದು ಅಂಗಡಿಗೆ ಬಂದರಂತೆ, ಇವಳು ಸರಿ ಮಾಡಲು ಹೋಗಿ ಎರಡು ತುಂಡು ಮಾಡಿದಳಂತೆ, ಅಲ್ಲಿಂದ ಮಾತು ಶುರುವಾಯಿತಂತೆ. ಎಲ್ಲದಕ್ಕೂ ಆತುರಪಡುತ್ತಿದ್ದವಳು ಮದುವೆಯಲ್ಲಿ ಮಾತ್ರ ಎಲ್ಲರಿಗಿಂತ ಹಿಂದೆ ಬಿದ್ದಳು, ನನ್ನೊಬ್ಬಳನ್ನು ಬಿಟ್ಟರೆ.

ಈಗ ಬರೆಯುವುದನ್ನು ಓದಿ ನಗಬೇಡ. ಅವಳು ಕಳಿಸಿದ ಕರೆಯೋಲೆಯ ಮೇಲೆ ದಪ್ಪಕ್ಷರದಲ್ಲಿ ‘ಕೈ ಮತ್ತು ಕಣ್ಣು ದಂಪತಿಗೆ’ ಎಂದಿತ್ತು. ನಮ್ಮಿಬ್ಬರಿಗೂ ಸೇರಿ ಒಂದೇ ಕರೆಯೋಲೆ ಕಣೋ! ನಮ್ಮ ಗುಂಪಿನವರಿಗೆ ಇಷ್ಟು ವರ್ಷವೂ ಅನುಮಾನವೇ ಬಂದಿಲ್ಲ. ಒಂದೇ ರೆಕಾರ್ಡ್ ಪುಸ್ತಕದ ಮೇಲೆ ಎರಡು ಹೆಸರು ಬರೆದುಕೊಂಡು ಓದಿದವರು ಆಮೇಲೆ ಬೇರೆ ಬೇರೆ ಆಗಿರಬಹುದು ಎಂದು ಅವರಿಗೆ ಹೊಳೆದೇ ಇಲ್ಲ. ನೀನು ಬಂದರಿಗೆ ಹೋದೆ, ಹಿಂದೆಯೇ ನಾನೂ ನಿನ್ನನ್ನು ಮದುವೆಯಾಗಿ ಅಲ್ಲಿಗೆ ಬಂದೆ, ಈಗ ಅಮ್ಮನ ಕಾಲುನೋವಿನಿಂದಾಗಿ ಇಲ್ಲಿ ಬಂದು ಇದ್ದೇನೆ ಎಂದು ಅವರೇ ಕಥೆ ಕಟ್ಟಿಕೊಂಡಿದ್ದಾರೆ. ಗೊತ್ತಿರುವ ವಿಷಯವನ್ನು ಯಾರು ಕೇಳುತ್ತಾರೆ? ಹಾಗೆ ನೋಡಿದರೆ ನಾವೂ ಒಬ್ಬರನ್ನೊಬ್ಬರು ಕೇಳಲಿಲ್ಲ. ರೈಲಿನ ಬಾಗಿಲಲ್ಲಿ ನಿಂತು, ಕೆಲಸದಲ್ಲಿ ನೆಲೆ ನಿಂತ ಮೇಲೆ ಬರೀತೀನಿ ಎಂದೆ ನೀನು. ಹೂಂ ಎಂದೆ ನಾನು. ನನಗೆ ಕೋಪವಿಲ್ಲ ಅಂದರೆ ಸುಳ್ಳಾಗುತ್ತದೆ. ಸ್ವಲ್ಪ ಇದೆ.

ಮದುವೆಗೆ ಹೋದಾಗ ಎಲ್ಲ ಬಿಡಿಸಿ ಹೇಳಬೇಕೆಂದೇ ಹೊರಟಿದ್ದೆ. ಬಾಡಿಗೆ ಹಿಡಿದ ಸಭಾಂಗಣದಲ್ಲಿ ಊಟ. ಪ್ರತಿ ಕುರ್ಚಿಯ ಬೆನ್ನಿಗೂ ಹೆಸರಿನ ಚೀಟಿ ಅಂಟಿಸಿದ್ದರು. ‘ಕೈ’ ಎಂಬ ಕುರ್ಚಿ, ಅದರ ಎಡಕ್ಕೆ ‘ಕಣ್ಣು’ ಎಂಬ ಕುರ್ಚಿ. ತೂಕಡಿಕೆ ದೂರದಿಂದಲೇ “ಎಲ್ಲಿ ತಾಯೀ ನಿಮ್ಮ ಯಜಮಾನ್ರು?” ಎಂದು ರೇಡಿಯೋ ದನಿಯಲ್ಲಿ ಕೂಗಿದ. ನಾನು ಬಾಯಿ ತೆರೆದೆ. ಹೊರಗೆ ಬಂದದ್ದು, ರಜೆ ಸಿಗಲಿಲ್ಲ ಕಣೋ ಎಂಬ ಮಾತು. ಅಷ್ಟಕ್ಕೇ ನಿಲ್ಲಿಸಿದೆನೇ? ಇಲ್ಲ. ನಮ್ಮ ಮನೆ ಸಮುದ್ರಕ್ಕೆ ಹತ್ತಿರ, ಉಪ್ಪುಗಾಳಿಗೆ ಕಿಟಕಿಯ ಕೊಂಡಿಯೆಲ್ಲ ತುಕ್ಕು ಹಿಡಿದಿದೆ, ಎಷ್ಟು ಸಲ ಹೇಳಿದರೂ ಇವರು ಸರಿ ಮಾಡಿಸುವುದಿಲ್ಲ ಎಂದು ಗಡಿಬಿಡಿಯ ಅತ್ತಿಗೆಯ ಹತ್ತಿರ ನಿನ್ನ ಮೇಲೆ ದೂರು ಕೂಡ ಹೇಳಿದೆ. ಅವರು ನನ್ನ ಕೈ ಹಿಡಿದು, ಗಂಡಸರೆಲ್ಲ ಹೀಗೇ ಎಂದು ಸಮಾಧಾನ ಮಾಡಿದರು. ಊಟ ಮುಗಿಯುವವರೆಗೂ ಆ ಮನೆಯಲ್ಲೇ ಇದ್ದೆ, ಕಣ್ಣು. ಎಷ್ಟು ಸುಖವಾಗಿತ್ತು ಅಂತ ನಿನಗೆ ಹೇಗೆ ಹೇಳಲಿ? ವಾಪಸ್ಸು ಬರುವಾಗ ಬಸ್ಸಿನಲ್ಲಿ ಅಳು ಬಂತು. ಪಕ್ಕದ ಸೀಟಿನವರು ಕಿಟಕಿ ಮುಚ್ಚಿದರು, ಗಾಳಿಗೆ ಕಣ್ಣಲ್ಲಿ ನೀರು ಬರುತ್ತಿದೆ ಎಂದುಕೊಂಡಿರಬೇಕು.

ಇನ್ನೊಂದು ಫಜೀತಿಯಿದೆ. ಗುಂಪಿನ ಫೋಟೋಗೆ ದೊಡ್ಡಣ್ಣ ಸಸಿ ನೆಡುವ ಹಾಗೆ ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿದ. ತೂಕಡಿಕೆ ನನ್ನ ಪಕ್ಕಕ್ಕೆ ಸರಿಯಲು ಬಂದರೆ, “ಏ, ಅದು ಕಣ್ಣುವಿನ ಜಾಗ, ಅವನು ಯಾವಾಗ್ಲೂ ಇವಳ ಎಡಕ್ಕೇ ಅಲ್ವೇನೋ” ಎಂದು ಗದರಿ ಹಿಂದಕ್ಕೆ ಕಳಿಸಿದ. ಈಗ ಫೋಟೋದಲ್ಲಿ ಎಲ್ಲರೂ ಭುಜಕ್ಕೆ ಭುಜ ತಾಗಿಸಿ ನಿಂತಿದ್ದಾರೆ, ನನ್ನ ಎಡಕ್ಕೆ ಮಾತ್ರ ಬರಿಯ ಗೋಡೆ ಕಾಣುತ್ತದೆ. ಮುಂದಿನ ತಿಂಗಳ ಮೊದಲ ಭಾನುವಾರ ಉದ್ಯಾನದ ಗಾಜಿನ ಮನೆಯಲ್ಲಿ ಎಲ್ಲರೂ ಮತ್ತೆ ಸೇರಬೇಕಂತೆ, ನೀನೂ ಇರುವ ಇನ್ನೊಂದು ಫೋಟೋ ತೆಗೆಸಬೇಕಂತೆ. ಕರೆದುಕೊಂಡು ಬರುತ್ತೇನೆ ಎಂದು ನಾನು ಒಪ್ಪಿಕೊಂಡುಬಿಟ್ಟಿದ್ದೇನೆ. ಯಾವ ಮುಖ ಇಟ್ಟುಕೊಂಡು ಒಪ್ಪಿಕೊಂಡೆನೋ ನನಗೇ ಗೊತ್ತಿಲ್ಲ.

ನನ್ನ ಸುದ್ದಿ ನೀನು ಕೇಳಿಲ್ಲ. ಆದರೂ ಬರೆಯುತ್ತೇನೆ. ಶಾಲೆಯ ಪಠ್ಯಪುಸ್ತಕಗಳಿಗೆ ಚಿತ್ರ ಬರೆಯುತ್ತೇನೆ: ಬೇರು, ಕಾಂಡ, ಹೂವಿನ ಭಾಗಗಳು. ಮೇಜು ಕಿಟಕಿಯ ಪಕ್ಕ ಇದೆ, ಎದುರುಮನೆಯವರ ಒಗೆದ ಬಟ್ಟೆಗಳ ಆಚೆ ಬೀದಿ ಕಾಣುತ್ತದೆ. ಈಗ ನಾನೇ ನೋಡುತ್ತೇನೆ, ನಾನೇ ಬರೆಯುತ್ತೇನೆ. ಚಿತ್ರ ಸರಿಯಾಗಿಯೇ ಬರುತ್ತದೆ, ಆದರೆ ಮುಗಿಸಿದ ಮೇಲೆ ಎಡಕ್ಕೆ ತಿರುಗಿ ತೋರಿಸುವ ಅಭ್ಯಾಸ ಇನ್ನೂ ಹೋಗಿಲ್ಲ.

ಪಕ್ಕದ ಬೀದಿಯ ಔಷಧಿ ಅಂಗಡಿಯವರು ಅಮ್ಮನಿಗೆ ಮಾತ್ರೆ ತಂದುಕೊಡುತ್ತಾರೆ. ಸಭ್ಯರು, ಮಿತಭಾಷಿ. ಅವರ ಅಕ್ಕ ಬಂದು ಅಮ್ಮನ ಹತ್ತಿರ ನನ್ನ ವಿಷಯ ಎತ್ತಿದ್ದಾರೆ. ಹದಿನೈದು ದಿನದೊಳಗೆ ಹೂಂ ಅಥವಾ ಉಹೂಂ ಹೇಳಬೇಕು. ಅಮ್ಮ ನಿನ್ನಿಷ್ಟ ಎನ್ನುತ್ತಾಳೆ, ಆಮೇಲೆ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಾಳೆ. ನನಗೆ ತಲೆ ಓಡುತ್ತಿಲ್ಲ. ಹಳೆಯ ಗೆಳೆಯನೆಂದು ಕೇಳುತ್ತಿದ್ದೇನೆ, ಮೊದಲಿನ ಹಾಗೆ ನೀನು ನೋಡಿ ಹೇಳು, ನಾನು ಹಾಗೇ ಮಾಡುತ್ತೇನೆ.

ನಿನ್ನ ಕಾಗದದಲ್ಲಿ ನಿನ್ನ ಮನೆಯವರ ಮಾತು ಒಂದು ಸಾಲೂ ಇಲ್ಲ. ಇದ್ದರೆ ಮುಚ್ಚಿಡಬೇಡ. ಅವರನ್ನೂ ಗಾಜಿನ ಮನೆಗೆ ಕರೆದುಕೊಂಡು ಬಾ, ದೊಡ್ಡಣ್ಣನಿಗೆ ಹೇಳಿ ಜಾಗ ಇನ್ನಷ್ಟು ಅಗಲ ಮಾಡಿಸುತ್ತೇನೆ. ಅಮ್ಮ ಎದ್ದಿರಬೇಕು, ಕೆಳಗೆ ಲೋಟದ ಸದ್ದಾಗುತ್ತಿದೆ.

ಕಿಟಕಿಯ ಕೊಂಡಿಗೆ ಒಂದು ಹನಿ ಎಣ್ಣೆ ಬಿಡು.

ಎಂದಿನಂತೆ ನಿನ್ನ ಬಲಗಡೆ ಕೂತಿರುವ,
ಕೈ

ಮತ್ತೆ, ಶುಕ್ರವಾರ ಬೆಳಿಗ್ಗೆ: ನಿನ್ನೆ ಲಕೋಟೆ ಅಂಟಿಸುವ ಮೊದಲೇ ಔಷಧಿ ಅಂಗಡಿಯವರು ಬಂದರು. ಮೇಜಿನ ಮೇಲೆ ಕರೆಯೋಲೆ ಬಿದ್ದಿತ್ತು. ಓದಿ, ಈ ಕಣ್ಣು ಯಾರು ಎಂದು ಕೇಳಿದರು. ಎಲ್ಲ ಹೇಳಿದೆ, ಖಾಲಿ ಕುರ್ಚಿಯ ವಿಷಯವನ್ನೂ ಬಿಡಲಿಲ್ಲ. ಅವರು ಕರೆಯೋಲೆಯನ್ನು ಮೇಜಿನ ಮೇಲಿಟ್ಟು, “ತಪ್ಪಾಗಿದೆ ಅಂತ ನಿಮ್ಮ ಸ್ನೇಹಿತರಿಗೆ ಒಂದು ಮಾತು ಹೇಳ್ಬಹುದಿತ್ತಲ್ಲ?” ಎಂದರು. ಹೇಳಬೇಕು ಅಂತ ನನಗೆ ಅನ್ನಿಸಲೇ ಇಲ್ಲ ಎಂದೆ. ಹಾಗೆಂದ ಮೇಲೆ ಅವರಿಗೆ ಹೂಂ ಅನ್ನುವುದು ಹೇಗೆ? ಉಹೂಂ ಎಂದು ಹೇಳಿಬಿಟ್ಟೆ. ಅವರು ಮಾತ್ರೆಯ ಪೊಟ್ಟಣ ಕೊಟ್ಟು, ಅಮ್ಮನಿಗೆ ಊಟವಾದ ಮೇಲೆ ಎಂದು ನೆನಪಿಸಿ ಹೋದರು. ಆದ್ದರಿಂದ ಅವರ ವಿಷಯದಲ್ಲಿ ನೀನು ಏನನ್ನೂ ನೋಡಿ ಹೇಳಬೇಕಾಗಿಲ್ಲ. ಫೋಟೋ ಇದರ ಜೊತೆಗೇ ಇಟ್ಟಿದ್ದೇನೆ. ನನ್ನ ಎಡಗಡೆಯ ಗೋಡೆಯನ್ನು ಚೆನ್ನಾಗಿ ನೋಡು. ನೋಡಿ ಹೇಳು.