ಹನ್ನೊಂದು ಅರ್ಜಿ

ಮಾರ್ಚ್ ೧೧

ಮಗಳೇ,

ಚೆನ್ನಾಗಿದ್ದೀಯ ಎಂದುಕೊಂಡೇ ಬರೆಯುತ್ತಿದ್ದೇನೆ. ಎರಡು ವರ್ಷದ ಮೇಲೆ ಅಮ್ಮನಿಗೆ ನೆನಪಾಯಿತೇ ಎಂದು ಕೇಳಬೇಡ. ನೀನೂ ಬರೆದಿಲ್ಲ.

ನಮ್ಮ ಬೀದಿಗಳಿಗೆ ಈಗ ನಗರಸಭೆಯ ಲಾರಿ ಬರುತ್ತದೆ. ಹಸಿ ಕಸ, ಒಣ ಕಸ ಎಲ್ಲವನ್ನೂ ಒಂದೇ ಬಾಯಿಗೆ ಹಾಕಿಕೊಂಡು ಜಜ್ಜಿ ಹೊರಟುಹೋಗುತ್ತದೆ. ಪ್ಲಾಸ್ಟಿಕ್ ಹಾಳೆಯನ್ನು ಕಿವಿಯ ಹತ್ತಿರ ಹಿಂಡಿ, ಸದ್ದಿನಲ್ಲೇ ಅದರ ಬಗೆ ತಿಳಿದು, ಮೂವತ್ತು ವರ್ಷ ಬೇರೆ ಬೇರೆ ಮಾಡಿಟ್ಟವರು ಕಸ ಆಯುವ ನಾವು. ಈಗ ಆರಿಸದೆ ಬಿಟ್ಟದ್ದೆಲ್ಲ ಒಂದೇ ಗುಡ್ಡೆಯಾಗಿ ಉರಿಯುತ್ತಿದೆ. ಗುಡ್ಡೆಯ ಸುತ್ತ ಬೇಲಿ ಬಿದ್ದಿದೆ. ಗುರುತಿನ ಚೀಟಿ ಇಲ್ಲದವರನ್ನು ಒಳಗೆ ಬಿಡುವುದಿಲ್ಲ. ಕಾವಲುಗಾರ ನನ್ನನ್ನೇ ತಡೆದು, ಯಾರಮ್ಮ ನೀನು ಎಂದು ಕೇಳಿದ. ಅವನು ಹುಟ್ಟುವ ಮೊದಲೇ ಆ ಗುಡ್ಡೆ ನನಗೆ ಗೊತ್ತು.

ಆ ಚೀಟಿಗೆ ಅರ್ಜಿ ತಂದವಳು ನೀನು. ನಗರಸಭೆಯವರ ಕಸ ಬೇರ್ಪಡಿಸುವ ಶೆಡ್ಡಿನ ಮೇಲ್ವಿಚಾರಕಿಯಾಗಿ, ಕೊರಳಿಗೆ ಗುರುತಿನ ಚೀಟಿಯ ಪಟ್ಟಿ ಹಾಕಿಕೊಂಡು, ನನ್ನ ಬಾಗಿಲಲ್ಲೇ ನಿಂತು, ಅಮ್ಮಾ ನೀನೂ ಸಹಿ ಹಾಕು ಅಂದೆ. ಹೆತ್ತ ಮಗಳ ಮುಂದೆ ಹಾಜರಿ ಹೇಳಬೇಕೇ ಎಂದು ಮೈಯೆಲ್ಲ ಉರಿಯಿತು. ಹೊರಗೆ ನಡಿ ಎಂದೆ. ನೀನು ಕಾಗದಗಳನ್ನು ಹೊಸ್ತಿಲ ಮೇಲಿಟ್ಟು ಹೋದೆ. ಹಾಗೆ ಅಂದದ್ದು ತಪ್ಪು. ಇಷ್ಟು ಬರೆಯಲು ಎರಡು ವರ್ಷ ಹಿಡಿಯಿತು.

ನನ್ನ ಜೊತೆ ಕಸ ಆಯುತ್ತಿದ್ದ ಉಳಿದ ಹನ್ನೊಂದು ಹೆಂಗಸರೂ ಅರ್ಜಿಗೆ ಹೆದರಿ ಹಿಂದೆ ಸರಿದರು. ಸಹಿ ಹಾಕಿದರೆ ಮನೆ ಖಾಲಿ ಮಾಡಿಸುತ್ತಾರೆ ಎಂಬ ಭಯ. ಈಗ ನಿನ್ನ ಚಿಕ್ಕಮ್ಮ ಕಂಡವರ ಮನೆ ಮೆಟ್ಟಿಲು ತೊಳೆಯುತ್ತಾಳೆ. ನಿದ್ದೆಯಲ್ಲೂ ಬಾಯಿ ಮುಚ್ಚದ ಆ ವಟವಟಿ ಈಗ ಮಾತೇ ಬಿಟ್ಟಿದ್ದಾಳೆ. ಮೊನ್ನೆ ಮಾತ್ರ ಬಂದು, ಅಕ್ಕಾ, ನಮ್ಮಲ್ಲಿ ಓದ್ದೋಳು ನೀನೊಬ್ಳೇ, ಇನ್ನೊಂದ್ಸಲ ಕಾಗದ ಬಂದ್ರೆ ನೀನೇ ನೋಡಿ ಹೇಳ್ಬೇಕು ಅಂದಳು.

ಅವರನ್ನು ಸೇರಿಸಿಕೋ. ನನಗಾಗಿ ಕೇಳುತ್ತಿಲ್ಲ. ನಿನ್ನ ಚಿಕ್ಕಮ್ಮನ ಕಿವಿ ನನ್ನದಕ್ಕಿಂತ ಚುರುಕು. ಕಣ್ಣು ಕಟ್ಟಿ ಕೂರಿಸಿದರೂ ನಿನ್ನ ಶೆಡ್ಡಿನವರೆಲ್ಲ ಸೇರಿ ಮಾಡುವ ಕೆಲಸವನ್ನು ಒಬ್ಬಳೇ ಮಾಡುತ್ತಾಳೆ.

ಹೊತ್ತಿಗೆ ಸರಿಯಾಗಿ ಊಟ ಮಾಡು. ನೀನು ಮಾಡುವುದಿಲ್ಲ ಎಂದು ನನಗೆ ಗೊತ್ತು.

ನಿನ್ನ ಅಮ್ಮ

ತಾ.ಕ.: ಮನೆ ಖಾಲಿ ಮಾಡಿಸುತ್ತಾರೆ ಎಂದು ನಿನ್ನ ಅರ್ಜಿಯಲ್ಲಿ ಎಲ್ಲೂ ಇರಲಿಲ್ಲ. ಹಾಗಿದೆ ಎಂದು ಓದಿ ಹೇಳಿದವಳು ನಾನು. ಅವರಿಗೆ ಇನ್ನೂ ಗೊತ್ತಿಲ್ಲ. ಈ ಸಲ ಕಾಗದ ಬಿಟ್ಟು ಹೋಗಬೇಡ. ನೀನೇ ಅವರಿಗೆ ಓದಿ ಹೇಳು, ನನ್ನ ಎದುರಿಗೇ.