ಓರಿನ್ ಅಂಕಣ ದಾಟಿದ ಸಂಜೆ

ಹೋಲ್ಟನ್ ಗ್ರೋವ್, ಅಯೋವಾ
ಫೆಬ್ರವರಿ ೪, ಮಂಗಳವಾರ

ಪ್ರೀತಿಯ ಮಾರಿತ್,

ನಿನಗೂ ಅಳಿಯ ಥಿಯೋಗೂ ನನ್ನ ಪ್ರೀತಿ, ನೆನಪು. ಕ್ರಿಸ್ಮಸ್ಸಿಗೆ ಬಂದ ಕಾಗದಕ್ಕೆ ಫೆಬ್ರವರಿಯಲ್ಲಿ ಉತ್ತರ ಬರೆಯುವ ತಾಯಿಯನ್ನು ಏನು ಮಾಡಬೇಕೋ ನೀನೇ ತೀರ್ಮಾನಿಸು. ಚಳಿ, ಬೆರಳುನೋವು, ಹಸುಗಳು ಕರು ಹಾಕುವ ಕಾಲ ಅಂತ ನೆವ ಹೇಳಬಹುದಿತ್ತು. ಹೇಳುವುದಿಲ್ಲ. ನೀನು ಮತ್ತೆ ಬಸುರಿ ಅಂತ ಓದಿದ ದಿನದಿಂದ ನಾನು ಪೆನ್ನು ಹಿಡಿಯುವುದು, ಇಡುವುದು, ಇದೇ ಆಗಿದೆ. ಸಂತೋಷಕ್ಕೆ ಆಗಲೇ ಪೆನ್ನು ಹಿಡಿದೆ. ಅದರ ಕೆಳಗೇ ನೀನು ಬರೆದಿದ್ದ ಮಾತು ಓದಿ ಕೆಳಗಿಟ್ಟೆ: "ಅಪ್ಪನಿಗೆ ಹೇಳಬೇಡ. ಈ ಸಲವೂ ಏನಾದರೂ ಆದರೆ ಅವರ ಮುಖ ನೋಡುವ ಶಕ್ತಿ ನನಗಿಲ್ಲ."

ಹೇಳಿಲ್ಲ ಮಗಳೇ. ಆದರೆ ಒಂದೇ ಸೂರಿನ ಕೆಳಗೆ ಇಂಥ ಸುದ್ದಿಯನ್ನು ಬಚ್ಚಿಟ್ಟುಕೊಳ್ಳುವುದು ಸೆರಗಿನಲ್ಲಿ ಕೆಂಡ ಕಟ್ಟಿಕೊಂಡ ಹಾಗೆ. ಎಂಟು ವರ್ಷದ ಹಿಂದೆ ನಿನ್ನ ಮೊದಲ ಮಗು ಹೋದ ಮೇಲೆ ನೀನೂ ನಿನ್ನಪ್ಪನೂ ಒಬ್ಬರಿಗೊಬ್ಬರು ನೇರವಾಗಿ ಒಂದು ಮಾತಾಡಿದ್ದು ನನಗೆ ನೆನಪಿಲ್ಲ. ನೀನು ಅಪ್ಪ ಹೇಗಿದ್ದಾರೆ ಅಂತ ನನ್ನನ್ನು ಕೇಳುತ್ತೀ, ಅವರು ಅವಳು ಹೇಗಿದ್ದಾಳೆ ಅಂತ ನನ್ನನ್ನು ಕೇಳುತ್ತಾರೆ. ನಡುವೆ ನಾನೊಬ್ಬಳು ಅಂಚೆಯವಳು. ಈ ಕೆಲಸ ನನಗೆ ಸಾಕಾಗಿದೆ.

ಇವತ್ತು ಬರೆಯಲೇಬೇಕು ಅನ್ನಿಸಿದ್ದು ನಿನ್ನೆ ಸಂಜೆ ನಡೆದದ್ದರಿಂದ. ಮಾರಿತ್, ನಿನ್ನ ಅಪ್ಪ ಸೆನೆಟರ್ ಲೋವೆಲ್‌ನನ್ನು ಬಿಟ್ಟುಬಿಟ್ಟರು. ಹೌದು, ನೀನು ಸರಿಯಾಗಿಯೇ ಓದಿದ್ದೀ. ಲೋವೆಲ್ ಅಧ್ಯಕ್ಷನಾಗಲು ಹೊರಟು ಮಣ್ಣು ಮುಕ್ಕಿದಾಗಲೆಲ್ಲ ಅವನ ಕಡೆಯವರಿಗೆ ಮುಂದಾಳಾಗಿ ನಿಂತವರು, ನಮ್ಮ ದನದ ಕೊಟ್ಟಿಗೆಯ ಗೋಡೆಯ ಮೇಲೆ ಅವನ ಹೆಸರು ಬಳಿದವರು, ಇಡೀ ಕಾಕಸ್ ಸಭೆಯ ಎದುರು ಅವನನ್ನು ಬಿಟ್ಟು ನಡೆದರು. ಇನ್ನೂ ನನ್ನ ಕಣ್ಣನ್ನು ನಾನೇ ನಂಬಲಾರೆ.

ಇದನ್ನು ಥಿಯೋಗೆ ಓದಿ ಹೇಳುವುದಾದರೆ ಮೊದಲು ಒಂದು ವಿಷಯ ತಿಳಿಸು. ಇಲ್ಲಿದ್ದಾಗ ಅವನು ಈ ಸಭೆಗೆ ಒಮ್ಮೆಯೂ ಬರಲಿಲ್ಲ, "ಓಟು ಹಾಕೋಕೆ ಯಾಕೆ ಇಡೀ ಸಂಜೆ ಬೇಕು ನಿಮಗೆ" ಅಂತ ನಗುತ್ತಿದ್ದ. ಕಾಕಸ್ ಅಂದರೆ ಅಧ್ಯಕ್ಷನ ಚುನಾವಣೆಗೆ ಪಕ್ಷದ ಹುರಿಯಾಳು ಯಾರು ಅಂತ ಊರವರೇ ಸೇರಿ ಆರಿಸುವ ಸಭೆ. ನಮ್ಮಲ್ಲಿ ಚೀಟಿ ಇಲ್ಲ, ಪರದೆ ಇಲ್ಲ. ಯಾರ ಕಡೆಯೋ ಅವರ ಮೂಲೆಯಲ್ಲಿ ಹೋಗಿ ನಿಲ್ಲಬೇಕು, ಅಕ್ಕಪಕ್ಕದವರೆಲ್ಲ ನೋಡುತ್ತಿರುವಾಗಲೇ. ತಲೆ ಎಣಿಸುತ್ತಾರೆ. ನೂರಕ್ಕೆ ಹದಿನೈದು ಜನ ಇಲ್ಲದ ಮೂಲೆ ಒಡೆಯಬೇಕು. ಆಗ ಉಳಿದವರೆಲ್ಲ ಬಂದು ಅವರನ್ನು ಕರೆಯುತ್ತಾರೆ, ಗೋಗರೆಯುತ್ತಾರೆ, ತಿಂಡಿಯ ಆಸೆ ತೋರಿಸುತ್ತಾರೆ. ಮನಸ್ಸು ಬದಲಾದವನು ಎಲ್ಲರ ಕಣ್ಣೆದುರೇ ಕಾಲು ಕಿತ್ತಿಡಬೇಕು. ಅಷ್ಟೇ ನಮ್ಮ ಪದ್ಧತಿ.

ಈ ಸಲ ಇನ್ನೊಂದು ಹೊಸದು. ಸಭೆ ನಡೆಯುವ ಶಾಲೆಯ ಬಾಸ್ಕೆಟ್‌ಬಾಲ್ ಅಂಕಣಕ್ಕೆ ಹೊಸ ಮೆರುಗು ಕೊಡಿಸಿದ್ದಾರೆ. ಸಭೆ ನಡೆಸುವವಳು ಬೆವ್ ಆಸ್ಟ್ರಾಂಡರ್, ಅದೇ ನಿಮ್ಮ ಶಾಲೆಯ ಅಡುಗೆಯವಳು. ಬಾಗಿಲಲ್ಲೇ ನಿಂತು ಕೂಗುತ್ತಿದ್ದಳು: "ಬೂಟು ಹಾಕ್ಕೊಂಡು ಒಳಗೆ ಬಂದೋರಿಗೆ ಓಟೂ ಇಲ್ಲ, ಕಾಫಿನೂ ಇಲ್ಲ!" ಹಾಗಾಗಿ ಇಡೀ ಊರು ಕಾಲುಚೀಲದಲ್ಲಿ. ದೇಶದ ಅಧ್ಯಕ್ಷ ಯಾರಾಗಬೇಕು ಅಂತ ತೀರ್ಮಾನಿಸಲು ಬಂದ ಮುದುಕರ ಹೆಬ್ಬೆರಳುಗಳೆಲ್ಲ ಹೊರಗೆ ಇಣುಕುತ್ತಿದ್ದವು.

ಲೋವೆಲ್ ಎದುರಾಳಿ ಬ್ರಾಂಟ್ ಕಡೆಯವರು ಅಂಕಫಲಕದ ಕೆಳಗೆ ತುಂಬಿಕೊಂಡಿದ್ದರು, ಮೇಷ್ಟ್ರುಗಳು, ಕಾಲೇಜು ಹುಡುಗರು, ಒಳ್ಳೇ ಗದ್ದಲ. ನಾವು ಲೋವೆಲ್ ಕಡೆಯವರು ಬಿಸಿಗಾಳಿ ಬರುವ ಗೋಡೆಯ ಹತ್ತಿರ, ವಯಸ್ಸಿಗೆ ತಕ್ಕ ಜಾಗ. ನಮ್ಮ ಎದುರಿನ ಬಾಗಿಲ ಬಳಿ ಕೆಸ್ಲಿಂಗ್ ಎಂಬ ಹೊಸ ಹೆಂಗಸಿನ ಕಡೆಯವರು, ಒಂದಿಷ್ಟೇ ಜನ, ಶಾಲಾ ಬಸ್ಸು ಓಡಿಸುವ ಜೋಲೀನ್ ಹೌಗನ್ ಅವರ ಮುಂದಾಳು. ಕೆಸ್ಲಿಂಗ್ ಮೊದಲು ಸೂಲಗಿತ್ತಿ ನರ್ಸ್ ಆಗಿದ್ದವಳು, ಆಮೇಲೆ ಎಲ್ಲೋ ಪಶ್ಚಿಮದ ಸಣ್ಣ ರಾಜ್ಯವೊಂದರ ಗವರ್ನರ್. ಹೋದ ಬೇಸಿಗೆಯಲ್ಲಿ ಅವಳ ಹೆಸರೇ ಯಾರಿಗೂ ಗೊತ್ತಿರಲಿಲ್ಲ.

ತಲೆ ಎಣಿಸಿದ್ದಾಯಿತು. ನಾವು ಆ ಹದಿನೈದರ ಗೆರೆಯ ಮೇಲೆ, ಒಬ್ಬರು ಕಡಿಮೆಯಾದರೂ ಮುಗಿಯಿತು. ಬೆವ್ ಕೂಗಿದಳು: "ಕೇಳ್ರಪ್ಪಾ, ಕೆಸ್ಲಿಂಗ್ ಮೂಲೆಗೆ ಜನ ಸಾಲದು! ಅರ್ಧ ಗಂಟೆ ಟೈಮು. ಅಷ್ಟರಲ್ಲಿ ಜನ ಕೂಡಿಸ್ಕೊಳ್ಳಿ, ಇಲ್ಲ ಬೇರೆ ಕಡೆ ಸೇರ್ಕೊಳ್ಳಿ, ಇಲ್ಲ ಮನೆಗೆ ಹೋಗಿ ಬೆಚ್ಚಗೆ ಮಲಗಿ. ಕೈಕೈ ಮಿಲಾಯಿಸ್ಬಾರ್ದು."

ನಮ್ಮ ಪಕ್ಕದ ಹೊಲದ ಗೇಲನ್ ಫಾಸ್ ನಾನು ಮಾಡಿದ ನಿಂಬೆಹಣ್ಣಿನ ಸಿಹಿತಿಂಡಿಯ ತಟ್ಟೆ ಎತ್ತಿಕೊಂಡು ಅವರ ಹತ್ತಿರ ಹೋದ. ನಿನ್ನಪ್ಪನೂ ಅವನೂ ಈ ಲೋವೆಲ್ ಹುಚ್ಚಿನಲ್ಲಿ ಜೋಡೆತ್ತು, ನಿನಗೇ ಗೊತ್ತು.

"ಬನ್ರಮ್ಮಾ, ಗೆಲ್ಲೋ ಕಡೆ ಬನ್ನಿ" ಅಂದ.

"ನಿಮ್ಮ ಲೋವೆಲ್ ಗೆದ್ದಿದ್ದು ಯಾವಾಗಯ್ಯಾ?" ಅಂದಳು ಜೋಲೀನ್. "ತಟ್ಟೆ ಇಲ್ಲೇ ಇಡು, ನೀನು ಹೊರಡು."

ಎಲ್ಲರೂ ನಕ್ಕರು. ಆ ನಗುವಿನ ನಡುವೆ ನಿನ್ನಪ್ಪ ಎದೆಯ ಮೇಲಿದ್ದ ಲೋವೆಲ್ ಬಿಲ್ಲೆಯನ್ನು ಬಿಚ್ಚಿದರು. ನನ್ನ ಕೈಗೂ ಕೊಡಲಿಲ್ಲ, ಜೇಬಿಗೂ ಹಾಕಲಿಲ್ಲ. ಕುರ್ಚಿಯ ಮೇಲೆ ಮೆಲ್ಲಗೆ ಇಟ್ಟರು. ಇಟ್ಟು, ಅಂಕಣದ ನಡುವೆ ನಡೆಯತೊಡಗಿದರು.

"ಏನೋ ಓರಿನ್, ಬಚ್ಚಲು ಆ ಕಡೆ ಇಲ್ವೋ ಮಾರಾಯ!" ಅಂತ ಗೇಲನ್ ರೇಗಿಸಿದ. ಇವರು ತಿರುಗಿ ನೋಡಲಿಲ್ಲ. ಬ್ರಾಂಟ್ ಹುಡುಗರೂ ಬಾಯಿ ಮುಚ್ಚಿದರು. ಬೂಟಿನ ಸದ್ದೂ ಇಲ್ಲ. ನಾನು ಹೊಲಿದುಕೊಟ್ಟ ಹಿಮ್ಮಡಿಯ ಆ ಬೂದು ಕಾಲುಚೀಲದಲ್ಲಿ ಅಷ್ಟು ದೊಡ್ಡ ಮನುಷ್ಯ ಸದ್ದಿಲ್ಲದೆ ಹೋಗುತ್ತಿದ್ದರು. ನನ್ನ ಗಂಡನನ್ನು ನಾನೇ ಮೊದಲ ಸಲ ನೋಡುತ್ತಿದ್ದೇನೆ ಅನ್ನಿಸಿತು.

ಜೋಲೀನ್ ಸೊಂಟಕ್ಕೆ ಕೈ ಕೊಟ್ಟು ನಿಂತಳು. "ಓರಿನ್, ನೀನು ಎಷ್ಟು ಕರೆದ್ರೂ ನಾವು ಬರಲ್ಲ, ಸುಮ್ನೆ ಯಾಕೆ ಆಯಾಸ."

"ಕರೆಯೋಕೆ ಬಂದಿಲ್ಲ" ಅಂದರು. "ನಿಲ್ಲೋಕೆ ಬಂದೆ. ಜಾಗ ಇದ್ಯಾ?"

ಬೆವ್ ಕೈಯಲ್ಲಿದ್ದ ಗಡಿಯಾರ ಕೆಳಗಿಳಿಸಿದಳು. ಕಡೆ ಬದಲಿಸಿದವರು ಬೇಕಾದರೆ ಒಂದು ಮಾತು ಹೇಳಬಹುದು, ಅದು ರೂಢಿ. "ಏನಾದ್ರೂ ಹೇಳ್ತೀಯಾ ಓರಿನ್?" ಅಂತ ಕೇಳಿದಳು, ಹೇಳಲಾರರು ಅಂತ ಗೊತ್ತಿದ್ದೇ ಕೇಳಿದಳು. ಮದುವೆಯ ದಿನ ಪಾದ್ರಿಯ ಮುಂದೆಯೇ "ಹೂಂ" ಅಂದು ಮುಗಿಸಿದ ಗಂಡಸು ಅವರು.

ನಿನ್ನಪ್ಪ ಮಾತಾಡಿದರು. ಒಂದಕ್ಷರ ಬಿಡದೆ ಬರೆಯುತ್ತೇನೆ, ಯಾಕೆಂದರೆ ಇದು ನಿನ್ನದು.

"ನಮ್ಮೂರ ಆಸ್ಪತ್ರೇಲಿ ಹೆರಿಗೆ ಕೋಣೆಗೆ ಬೀಗ ಹಾಕಿದ ವರ್ಷ, ನನ್ನ ಮಗಳನ್ನ ಹಿಂದಿನ ಸೀಟಲ್ಲಿ ಮಲಗಿಸ್ಕೊಂಡು ಹಿಮದಲ್ಲಿ ನಾನೇ ಕಾರು ಓಡಿಸ್ದೆ. ದೊಡ್ಡೂರು ಸೇರೋ ಹೊತ್ತಿಗೆ ಮಗು ಇರ್ಲಿಲ್ಲ. ನಿಮಗೆಲ್ಲ ಗೊತ್ತು. ಯಾರೂ ಆಡ್ಲಿಲ್ಲ, ನಾನೂ ಆಡ್ಲಿಲ್ಲ. ಲೋವೆಲ್ ಒಳ್ಳೆಯವ್ನು, ನಮ್ಮನೇಲಿ ಕೂತು ಊಟ ಮಾಡಿದಾನೆ. ಜೋಳದ ಬೆಲೆ ಕೇಳ್ದ, ಹಾಲಿನ ಬೆಲೆ ಕೇಳ್ದ. ಆ ದಾರಿ ಎಷ್ಟು ದೂರ ಅಂತ ಕೇಳ್ಲಿಲ್ಲ. ಈಯಮ್ಮ ಕೇಳಿದ್ಲು. ಅಷ್ಟೇ."

ಕೆಸ್ಲಿಂಗ್ ಕೇಳಿದ್ದು ನಿಜ, ನಾನೂ ಅಲ್ಲಿದ್ದೆ. ಅಕ್ಟೋಬರಿನಲ್ಲಿ ಚರ್ಚಿನ ನೆಲಮಾಳಿಗೆಗೆ ಬಂದಿದ್ದಳು. ಆಪಲ್ ಪೈ ಸಿಗುತ್ತದೆ ಅಂತ ನಾನೇ ನಿನ್ನಪ್ಪನನ್ನು ಎಳೆದುಕೊಂಡು ಹೋಗಿದ್ದೆ. ಅವಳು ಭಾಷಣ ಮಾಡಲಿಲ್ಲ. ಕುರ್ಚಿ ಎಳೆದುಕೊಂಡು ನಮ್ಮ ನಡುವೆ ಕೂತು, "ಇಲ್ಲಿ ನೋವು ಶುರುವಾದ್ರೆ ಎಲ್ಲಿಗೆ ಹೋಗ್ತೀರಿ? ಹಿಮ ಬಿದ್ರೆ ಎಷ್ಟು ಹೊತ್ತು ಹಿಡಿಯುತ್ತೆ?" ಅಂದಳು. ನಿನ್ನಪ್ಪ ಅರ್ಧ ತಿಂದ ಪೈ ಬಿಟ್ಟು, ಟೋಪಿ ಎತ್ತಿಕೊಂಡು ಹೊರಗೆ ಹೋದರು. ಸಿಟ್ಟು ಬಂತು ಅಂದುಕೊಂಡೆ. ನೋಡು ನನ್ನ ಜಾಣತನ.

ಇನ್ನು ಮುಂದಿನದು ಕೇಳು. ನಮ್ಮ ಮೂಲೆಯಿಂದ ಮುದುಕಿ ವರ್ನಾ ತನ್ನ ನಾಲ್ಕು ಕಾಲಿನ ಊರುಗೋಲು ತಳ್ಳಿಕೊಂಡು ಹೊರಟಳು. ನೆಲದ ಮೆರುಗಿನ ಮೇಲೆ ಅದು ಜಾರುತ್ತಿತ್ತು, ಯಾರಾದರೂ ಹಿಡಿಯಲು ಹೋದರೆ "ಬಿಡ್ರೋ, ನಾನೇ ಹೋಗ್ಬೇಕು" ಅಂತ ಗದರಿಸಿದಳು. ಅವಳ ಮೊಮ್ಮಗಳಿಗೂ ಇದೇ ಗತಿಯಾಗುವುದರಲ್ಲಿತ್ತಂತೆ, ನನಗೆ ಗೊತ್ತೇ ಇರಲಿಲ್ಲ. ಅವಳ ಹಿಂದೆ ಹಾಲಿನ ಡೈರಿಯ ಅಣ್ಣತಮ್ಮಂದಿರು. ಆಮೇಲೆ ಬ್ರಾಂಟ್ ಕಡೆಯಿಂದ ನಿನಗೆ ಬೀಜಗಣಿತ ಕಲಿಸಿದ ಮೇಷ್ಟ್ರು, ತಲೆ ತಗ್ಗಿಸಿಕೊಂಡು. ಯಾರೂ ಕರೆಯಲಿಲ್ಲ, ಯಾರೂ ಚಪ್ಪಾಳೆ ತಟ್ಟಲಿಲ್ಲ. ಒಬ್ಬೊಬ್ಬರೇ ಎದ್ದು ಆ ಖಾಲಿ ಅಂಕಣ ದಾಟಿ ಹೋಗುತ್ತಿದ್ದರು, ಪ್ರತಿಯೊಬ್ಬರೂ ಮನೆಯಲ್ಲಿ ಬಚ್ಚಿಟ್ಟಿದ್ದ ಏನನ್ನೋ ಹೊತ್ತುಕೊಂಡು ಹೋಗುವವರಂತೆ. ಈಸ್ಟರ್ ದಿನದ ಚರ್ಚಿನಲ್ಲೂ ನಾನು ಅಂಥ ಮೌನ ಕಂಡಿಲ್ಲ ಮಾರಿತ್. ಜನ ಇಷ್ಟು ದೊಡ್ಡವರು ಅಂತ ನನಗೆ ಗೊತ್ತಿರಲಿಲ್ಲ, ದಿನಾ ಅಂಗಡಿಯಲ್ಲಿ ಅವರ ಜೊತೆ ಮೊಟ್ಟೆಯ ಬೆಲೆಗೆ ಜಗಳ ಆಡುವವಳು ನಾನು.

ನಮ್ಮ ಮೂಲೆ ಮುರಿದುಬಿತ್ತು. ಉಳಿದವರು ಗೇಲನ್, ನಾನು, ಇನ್ನು ನಾಲ್ಕೈದು ಜನ. ಗೇಲನ್ ಮುಖ ಕೆಂಪಗಾಗಿತ್ತು. "ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ ಅಂತಾರಲ್ಲ, ಇದೇ ನೋಡು" ಅಂದ. "ನಾನಂತೂ ಎಲ್ಲಿಗೂ ಹೋಗಲ್ಲ ಆರ್ಲಿಸ್. ಕರುಗಳಿಗೆ ಮೇವು ಹಾಕ್ಬೇಕು." ಬೂಟು ಏರಿಸಿಕೊಂಡು ಹೊರಟೇಹೋದ, ನನ್ನ ತಟ್ಟೆಯ ಸಮೇತ. ಇವತ್ತು ಬೆಳಿಗ್ಗೆ ರಸ್ತೆಯಲ್ಲಿ ನಿನ್ನಪ್ಪನಿಗೆ ಅವನ ಟ್ರಕ್ಕು ಎದುರಾದಾಗ ನಮಸ್ಕಾರದ ಹಾಗೆ ಸ್ಟಿಯರಿಂಗ್ ಮೇಲಿಂದ ಒಂದು ಬೆರಳು ಎತ್ತಿದನಂತೆ. ಗಂಡಸರ ಲೆಕ್ಕದಲ್ಲಿ ಅದೂ ಒಂದು ಮಾತು.

ನಾನೇನು ಮಾಡಿದೆ ಅಂತ ಕೇಳುತ್ತೀಯಾ? ಕಂಬದ ಹಾಗೆ ನಿಂತಿದ್ದೆ. ಬೆರಗು ಒಂದು ಕಡೆ, ಸಿಟ್ಟು ಒಂದು ಕಡೆ. ಎಂಟು ವರ್ಷ ನನ್ನ ಪಕ್ಕದಲ್ಲೇ ಮಲಗಿ ತುಟಿ ಪಿಟಕ್ಕೆನ್ನದ ಮನುಷ್ಯ ಊರಿನ ಮುಂದೆ ಹೇಳಿಬಿಟ್ಟರಲ್ಲ! ಬೆವ್ ಹತ್ತಿರ ಬಂದು, "ಹೋಗೇ, ಇನ್ನೆಷ್ಟು ಹೊತ್ತು ನಿಂತಿರ್ತೀಯ, ಅವನು ಆಗ್ಲಿಂದ ಇತ್ಲಾಗೇ ನೋಡ್ತಿದಾನೆ" ಅಂತ ಬೆನ್ನು ತಟ್ಟಿದಳು. ಹೋದೆ. ಆ ಅಂಕಣ ಅಷ್ಟು ಅಗಲ ಇದೆ ಅಂತ ಕೂತು ಆಟ ನೋಡುವವರಿಗೆ ತಿಳಿಯುವುದಿಲ್ಲ. ನಿನ್ನಪ್ಪ ಸ್ವಲ್ಪ ಸರಿದು ಪಕ್ಕದಲ್ಲಿ ಜಾಗ ಮಾಡಿದರು.

ನಮ್ಮ ಶಾಲೆಯಲ್ಲಿ ಕೆಸ್ಲಿಂಗ್ ಗೆದ್ದಳು. ರೇಡಿಯೋದವರು ಹೇಳುವ ಪ್ರಕಾರ ಎಷ್ಟೋ ಊರುಗಳಲ್ಲಿ ಹೀಗೇ ಆಗಿದೆಯಂತೆ, ಯಾಕೆ ಅಂತ ಅವರಿಗೆ ಬಗೆಹರಿಯುತ್ತಿಲ್ಲವಂತೆ. ಅವಳು ಅಧ್ಯಕ್ಷಳಾಗುತ್ತಾಳೋ ಬಿಡುತ್ತಾಳೋ ದೇವರಿಗೆ ಗೊತ್ತು. ನಾನು ನೋಡಬೇಕಾದ್ದನ್ನು ನೋಡಿಯಾಯಿತು.

ಬಿಸಿ ಬಿಸಿ ತಿನ್ನು, ಕಾಲು ಬೆಚ್ಚಗಿಟ್ಟುಕೋ, ಭಾರ ಎತ್ತಬೇಡ. ಆಸ್ಪತ್ರೆ ನಿಮ್ಮ ಬೀದಿಯಲ್ಲೇ ಇದೆ ಅಂತ ಬರೆದಿದ್ದೀ, ಆ ಒಂದು ಸಾಲನ್ನು ನಾನು ಎಷ್ಟು ಸಲ ಓದಿದೆನೋ. ನಿನ್ನ ಹೊಟ್ಟೆ ತಣ್ಣಗಿರಲಿ ಮಗಳೇ. ನೀನು, ಥಿಯೋ, ಬರುವ ಕೂಸು, ಮೂವರನ್ನೂ ದೇವರು ಅಂಗೈಯಲ್ಲಿಟ್ಟು ಕಾಯಲಿ.

ನಿನ್ನ ಅಮ್ಮ,
ಆರ್ಲಿಸ್

ತಾ.ಕ.: ಬುಧವಾರ. ಲಕೋಟೆ ಅಂಟಿಸದೆ ಇಟ್ಟಿದ್ದೇ ಒಳ್ಳೆಯದಾಯಿತು. ಬೆಳಿಗ್ಗೆ ಕಾಫಿ ಕೊಡುವಾಗ ತಡೆಯಲಾರದೆ ಕೇಳಿದೆ, "ಊರಿಗೆಲ್ಲ ಹೇಳ್ದೆ, ನನಗೊಂದು ದಿನ ಹೇಳ್ಬೇಕು ಅನ್ನಿಸ್ಲಿಲ್ವಾ ಓರಿನ್?"

"ಊರಿಗೂ ಪೂರ್ತಿ ಹೇಳ್ಲಿಲ್ಲ" ಅಂದರು. ಆಮೇಲೆ ಹೇಳಿದರು. ಆವತ್ತು ಹೆದ್ದಾರಿಯಲ್ಲಿ ಹಿಮ ತೆಗೆಯುವ ಗಾಡಿ ಹೋದದ್ದನ್ನು ಅವರು ಕಂಡಿದ್ದರಂತೆ, ಅಂದರೆ ಆ ದಾರಿ ತೆರವಾಗಿತ್ತು. ಆದರೂ ಹತ್ತಿರವಾಗುತ್ತದೆ ಅಂತ ನದಿಯ ದಾರಿಗೆ ತಿರುಗಿಸಿದರಂತೆ. ಸೇತುವೆಯ ಆಚೆ ಕಾರು ಹಿಮದಲ್ಲಿ ಹೂತುಕೊಂಡಿದ್ದು ಅದಕ್ಕೆ. "ಅವಳು ಕಣ್ಣು ಮುಚ್ಚಿ ನರಳ್ತಿದ್ಲು, ಯಾವ ದಾರಿ ಅಂತ ಅವಳಿಗೆ ಗೊತ್ತಿಲ್ಲ. ದಾರಿ ಆರಿಸಿದ್ದು ನಾನು ಆರ್ಲಿಸ್. ಯಾವ ಮುಖ ಇಟ್ಕೊಂಡು ಅವಳ ಹತ್ರ ಮಾತಾಡ್ಲಿ?"

ನೋವು ಶುರುವಾದಾಗ ಇನ್ನೂ ಸ್ವಲ್ಪ ಕಾಯೋಣ ಅಂದದ್ದು ನೀನು. ಅದಕ್ಕೇ ಅಪ್ಪ ನಿನ್ನ ಮುಖ ನೋಡುವುದಿಲ್ಲ ಅಂತ ನೀನು ಊರು ಬಿಟ್ಟೆ. ನಾನೂ ಹಾಗೇ ತಿಳಿದಿದ್ದೆ. ಇಬ್ಬರೂ ಒಂದೇ ತಪ್ಪನ್ನು ನಿಮ್ಮನಿಮ್ಮದು ಅಂತ ಹೊತ್ತುಕೊಂಡು ಕೂತಿದ್ದೀರಿ, ಅದು ಯಾರದ್ದೂ ಅಲ್ಲದೆ ಇರುವಾಗ.

"ಇದನ್ನೆಲ್ಲ ಅವಳಿಗೆ ಬರೀಬೇಡ" ಅಂದರು. ಸರಿ ಅಂದೆ. ಬರೆದಿದ್ದೇನೆ. ಕೂಸಿನ ಸುದ್ದಿ ಮಾತ್ರ ನಾನು ಹೇಳುವುದಿಲ್ಲ, ಅದು ನಿನ್ನ ಬಾಯಿಂದಲೇ ಬರಬೇಕು. ಮಧ್ಯಾಹ್ನ ಊಟದ ಹೊತ್ತಿಗೆ ಫೋನ್ ಮಾಡು, ಅವರು ಅಡುಗೆಮನೆಯಲ್ಲೇ ಕೂತಿರುತ್ತಾರೆ. ಎಷ್ಟು ಹೊತ್ತು ಬಡಿದುಕೊಂಡರೂ ನಾನು ಎತ್ತುವುದಿಲ್ಲ.